ಸತ್ತವಳಿಗೆ ಒನ್ಸ್ ಮೋರ್

ರಂಗದ ಮೇಲೆ ಸಾಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಹಾವೇರಿಯ ನಮ್ಮ ನಾಟಕ ಸಂಘದಲ್ಲಿ ಮದುವೆಯಾದ ಹೊಸತರಿಂದ ತಲೆಗೂದಲು ಬೆಳ್ಳಗಾಗುವವರೆಗೆ ಸತ್ತವಳು ನಾನು, ಗೋದೂಬಾಯಿ. ಬಸವರಾಜ ಮಾಸ್ತರರು ಬರೆದ ನಾಟಕದಲ್ಲಿ ಪಾರ್ವತಿ ಎಂಬ ಸೊಸೆ ಕೊನೆಯ ಅಂಕದಲ್ಲಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ಹಾಡುತ್ತ ಹಾಡುತ್ತ ಪ್ರಾಣ ಬಿಡುತ್ತಾಳೆ. ಆ ಪಾರ್ವತಿ ನಾನು. ಹಾಡು ಮುಗಿದು ನನ್ನ ಕೈ ಜಾರಿ ನೆಲಕ್ಕೆ ಬಿದ್ದದ್ದೇ ತಡ, ಕೆಳಗೆ ಕೂತ ಮಂದಿ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು.

ಆಗ ಸತ್ತವಳು ಏಳಬೇಕು. ಇದು ನಮ್ಮ ಕಡೆಯ ರೂಢಿ. ಆದರೆ ಮಂದಿ ಕೂಗಿದ ಮಾತ್ರಕ್ಕೆ ಏಳುವಂತಿಲ್ಲ. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಪೇಟಿ ಮಾಸ್ತರ ಯೂಸುಫಸಾಬ ಸಭೆಯ ಮುಖ ನೋಡಿ, ಕೂಗು ಖರೆಯೋ ಚೇಷ್ಟೆಯೋ ಎಂದು ತೂಗಿ, ಪಲ್ಲವಿಯನ್ನು ಮತ್ತೆ ಎತ್ತಿಕೊಳ್ಳಬೇಕು. ಎತ್ತಿಕೊಂಡರೋ, ಹೆಣ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಇದನ್ನು ಕೇಳಿ ನಗುವವರು ನಗಲಿ. ಎರಡನೇ ಸಲ ಸತ್ತಾಗಲೂ ಮಂದಿ ಅಷ್ಟೇ ಅಳುತ್ತಿದ್ದರು, ನಾನು ಕಣ್ಣಾರೆ ಕಂಡಿದ್ದೇನೆ.

ಈ ವರ್ಷ ಸಂಘದವರು ಆ ನಾಟಕವನ್ನು ಮತ್ತೆ ಆಡಬೇಕೆಂದು ಮಾಡಿದರು. ಮೊದಲು ರಾಣೆಬೆನ್ನೂರು, ಆಮೇಲೆ ಬ್ಯಾಡಗಿ. ರಾಣೆಬೆನ್ನೂರು ನನ್ನ ಸೊಸೆ ಜ್ಯೋತ್ಸ್ನಾಳ ತವರು, ಬ್ಯಾಡಗಿ ನನ್ನ ತವರು. ಒಂದು ಭಾನುವಾರ ಬೆಳಿಗ್ಗೆ ಬಸವರಾಜ ಮಾಸ್ತರರು ಮನೆಗೆ ಬಂದಾಗ ಯಾರೂ ಹೇಳದೆಯೇ ನಾನು ಅವಲಕ್ಕಿಗೆ ಒಗ್ಗರಣೆ ಹಾಕಿದೆ, ಮೇಲೆ ಕೊಬ್ಬರಿ ಉದುರಿಸಿದೆ. ಪಾರ್ವತಿಗೆ ವಯಸ್ಸಾಯಿತಲ್ಲ ಎಂದು ಅವರೇನಾದರೂ ಅಂದರೆ ಕೊಡಬೇಕಾದ ಉತ್ತರವನ್ನೂ ಯೋಚಿಸಿಟ್ಟುಕೊಂಡಿದ್ದೆ: ಬಣ್ಣ ಹಚ್ಚಿದ ಮೇಲೆ ವಯಸ್ಸು ಎಲ್ಲಿರುತ್ತದೆ? ಅವರು ಅವಲಕ್ಕಿ ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು, ಚಹಾ ಕುಡಿದರು, ಮೀಸೆ ಒರೆಸಿಕೊಂಡು ಜ್ಯೋತ್ಸ್ನಾ ಎಲ್ಲಿ ಎಂದು ಕೇಳಿದರು.

ಪಾರ್ವತಿ ಅವಳಿಗಂತೆ. ನನಗೆ ಅತ್ತೆಯ ಪಾತ್ರವಂತೆ. ಆ ಅತ್ತೆಗೆ ಇಡೀ ನಾಟಕದಲ್ಲಿ ಒಂದು ಹಾಡಿಲ್ಲ. ಬಯ್ಯುವುದು, ಕಡೆಗೆ ಹಣೆ ಬಡಿದುಕೊಳ್ಳುವುದು, ಸಾಯುವವಳಿಗೆ ತೊಡೆ ಕೊಡುವುದು, ಇಷ್ಟೇ. ಮನೆಯಲ್ಲಿ ಮಾಡುವುದನ್ನೇ ರಂಗದ ಮೇಲೆ ಮಾಡಿದರಾಯಿತು ಎಂದು ಮಾಸ್ತರರು ನಗೆಯಾಡಿದರು. ಅವರ ಜೊತೆ ನನ್ನ ಮಗ ತೇಜಸನೂ ನಕ್ಕ. ಕೋರ್ಟಿನಲ್ಲಿ ವಕೀಲಿ ಮಾಡುವವನು. ಸಂಘದಲ್ಲಿ ಪರದೆ ಎಳೆಯುವ ಕೆಲಸ ಅವನದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಯಾವಾಗ ಬಂದು ಯಾವಾಗ ಹೋಯಿತೋ ನನಗಂತೂ ತಿಳಿಯಲಿಲ್ಲ.

ಸುತ್ತಿ ಬಳಸಿ ಹೇಳುವುದೇಕೆ, ನನಗೆ ಹೊಟ್ಟೆಕಿಚ್ಚಾಯಿತು. ಜ್ಯೋತ್ಸ್ನಾ ಕೆಟ್ಟವಳಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ, ಮನೆಯಲ್ಲಿ ನನ್ನೆದುರು ದನಿ ಎತ್ತಿದವಳಲ್ಲ. ಕೆಟ್ಟವಳಾಗಿದ್ದರೆ ನಾಲ್ಕು ಜನರ ಮುಂದೆ ಬಯ್ದುಕೊಂಡು ತಿರುಗಬಹುದಿತ್ತು. ಅವಳು ನನ್ನ ಅಡುಗೆಮನೆ ತೆಗೆದುಕೊಂಡಳು, ತೆಗೆದುಕೊಳ್ಳಲಿ. ಕಪಾಟಿನ ಕೀಲಿಕೈ ತೆಗೆದುಕೊಂಡಳು, ಅದೂ ಹೋಗಲಿ. ಹಾಡು ನನ್ನದು.

ನನ್ನ ಹಿಂದ ಬರುವಾಕಿಗೆ ಹೇಳ್ರತ್ತಿ,
ಕಾಲುಂಗರ ಹೊಸ್ತಿಲದಾಗ ಬಿಟ್ಟೇನಿ.

ಇದು ಪಲ್ಲವಿ. ‘ಬರುವಾಕಿಗೆ’ ಎಂಬಲ್ಲಿ ದನಿ ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲಬೇಕು. ನಾನು ಅಲ್ಲಿ ನಿಂತಾಗ ಸಭೆಯಲ್ಲಿ ಕೂಸುಗಳು ಕೂಡ ಅಳುವುದನ್ನು ಬಿಡುತ್ತಿದ್ದವು. ಆ ಜಾಗದಲ್ಲಿ ಇನ್ನೊಂದೇ ಒಂದು ಸಲ ನಿಲ್ಲಬೇಕು, ಒನ್ಸ್ ಮೋರ್ ಕೇಳಬೇಕು, ಅದೂ ನನ್ನ ತವರಿನ ಮಂದಿಯ ಬಾಯಲ್ಲಿ. ಆಮೇಲೆ ಖರೇ ಸತ್ತರೂ ಚಿಂತೆಯಿಲ್ಲ ಎಂದುಕೊಂಡಿದ್ದೆ.

ರೈಲು ಸ್ಟೇಷನ್ ಕಡೆಯ ಒಂದು ಶಾಲೆಯ ಕೋಣೆಯಲ್ಲಿ ತಾಲೀಮು ಶುರುವಾಯಿತು. ಹುಬ್ಬಳ್ಳಿಯ ಗಾಡಿ ಹೋಗುವಾಗ ಮಾತು ನಿಲ್ಲಿಸಿ ಕೂರಬೇಕು. ಹಾಗೆ ಕೂತಾಗೊಮ್ಮೆ ಜ್ಯೋತ್ಸ್ನಾ ತನ್ನ ಜ್ಞಾನ ಬಿಚ್ಚಿದಳು. ಬೇಸಿಗೆ ರಜೆಯಲ್ಲಿ ಯಾವುದೋ ರಂಗ ಶಿಬಿರಕ್ಕೆ ಹೋಗಿ ಬಂದಿದ್ದಳು. ನಾಟಕಕ್ಕೆ ಬೇಕಾದದ್ದು ಆಡುವವರು, ನೋಡುವವರು, ಇಬ್ಬರನ್ನೂ ಹಿಡಿಸುವ ಒಂದು ಜಾಗ, ಇಷ್ಟೇ ಎಂದಳು. ಪರದೆ, ದೀಪ, ಬಣ್ಣ, ಪೇಟಿ ಎಲ್ಲ ಆಮೇಲಿನವಂತೆ. ತೇಜಸ ಪರದೆಯ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ತಲೆಯಾಡಿಸಿದ. ಯೂಸುಫಸಾಬ ಮಾತ್ರ ಪೇಟಿಯ ಮೇಲೆ ಬಟ್ಟೆ ಹೊದಿಸಿದರು.

ಅಷ್ಟಕ್ಕೇ ಬಿಡಲಿಲ್ಲ ಅವಳು. ತಾನು ಒನ್ಸ್ ಮೋರ್‌ಗೆ ಏಳುವುದಿಲ್ಲ ಎಂದಳು.

"ಸತ್ತ ಮ್ಯಾಲ ಸತ್ತಂಗ ಇರಬೇಕರಿ ಮಾಸ್ತರ. ನಾ ಎದ್ದರ ಅವರು ಅತ್ತದ್ದೆಲ್ಲ ಸುಳ್ಳಾಗ್ತದ."

ನನಗೆ ತಡೆಯಲಾಗಲಿಲ್ಲ. "ನೋಡೋರು ಬೇಕು ಅಂತ ನೀನ ಅಂದಿ. ಅವರು ಬಾಯಿ ತೆರೆದು ಕರೆದರ ಕಿವುಡಿ ಆಗ್ತೀ ಏನು?"

"ಅತ್ತೆವ್ರ, ಅವರು ಕರಿಯೂದು ಪಾರ್ವತೀನೋ, ನನ್ನನ್ನೋ?" ಎಂದು ಕೇಳಿದಳು. ಮೆತ್ತಗೆ ಕೇಳಿದಳು, ತಿಳಿದುಕೊಳ್ಳುವವಳ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒನ್ಸ್ ಮೋರ್ ಬಾರದಿದ್ದರೆ ಮಾನ ಹೋದೀತೆಂದು ಮೊದಲೇ ನೆಪ ಹುಡುಕಿಕೊಂಡಿದ್ದಾಳೆ ಎಂದು ತೀರ್ಮಾನ ಮಾಡಿದೆ.

ರಾಣೆಬೆನ್ನೂರಿನಲ್ಲಿ ನನ್ನ ತೀರ್ಮಾನ ಮಣ್ಣುಪಾಲಾಯಿತು. ಸಭೆ ತುಂಬಿತ್ತು, ಅರ್ಧ ಸಭೆ ಅವಳ ಓಣಿಯವರೇ. ಕೊನೆಯ ಅಂಕದಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ ಬಂತು, ಹಾಡು ಶುರುವಾಯಿತು. ಅವಳು ಚೆನ್ನಾಗಿ ಹಾಡಿದಳು. ಸುಳ್ಳು ಹೇಳಿದರೆ ನಾಲಿಗೆ ಸೇದಿಹೋದೀತು. ‘ಬರುವಾಕಿಗೆ’ ಎಂಬಲ್ಲಿ ಅವಳ ದನಿ ಹೋಗಿ ನಿಂತಾಗ ಅದರ ನಡುಕ ನನ್ನ ತೊಡೆಗೆ ತಿಳಿಯುತ್ತಿತ್ತು. ಪರರ ಕೂಸನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಾಗೆ ಸಂಕಟವಾಯಿತು ನನಗೆ. ಕೈ ಜಾರಿ ನೆಲಕ್ಕೆ ಬಿತ್ತು. ಒನ್ಸ್ ಮೋರ್ ಎದ್ದಿತು, ಚಪ್ಪರ ಹಾರಿಹೋಗುವ ಹಾಗೆ. ಯೂಸುಫಸಾಬ ಪಲ್ಲವಿ ಎತ್ತಿಕೊಂಡರು.

ಅವಳು ಏಳಲಿಲ್ಲ.

ಮಂದಿ ಮತ್ತೆ ಕೂಗಿದರು, ಪೇಟಿ ಮತ್ತೆ ಎತ್ತಿಕೊಂಡಿತು. ಸೆರಗಿನ ಮರೆಯಲ್ಲಿ ನಾನು ಅವಳ ರಟ್ಟೆ ಚಿವುಟಿದೆ. ಬರೀ ಏಳಲಿ ಎಂದು ಚಿವುಟಿದ್ದಲ್ಲ, ಚಿವುಟಲು ಒಂದು ಅವಕಾಶ ಸಿಕ್ಕಿತೆಂದೂ ಚಿವುಟಿದೆ. ಕಲ್ಲಿನ ಹಾಗೆ ಮಲಗಿದ್ದಳು. ಕೆಳಗೆ ಸಿಳ್ಳೆ ಶುರುವಾಯಿತು, ಯಾರೋ ನಕ್ಕರು, ನಗು ಸಾಲಿನಿಂದ ಸಾಲಿಗೆ ಹತ್ತತೊಡಗಿತು. ಪಕ್ಕದಲ್ಲಿ ಮಾಸ್ತರರು ಪರದೆ ಎಳೆಯಲು ಕೈ ಮಾಡುತ್ತಿದ್ದರು. ಪೇಟಿ ಮೂರನೇ ಸಲ ಪಲ್ಲವಿಗೆ ಬಂದಾಗ ನಾನು ಬಾಯಿ ತೆರೆದು ಹಾಡಿಬಿಟ್ಟೆ.

ಗೋದೂಬಾಯಿ ಅವತ್ತು ನಾಟಕ ಉಳಿಸಿದರು ಎಂದು ಮಾಸ್ತರರು ಈಗಲೂ ಹೇಳುತ್ತ ತಿರುಗುತ್ತಾರೆ. ಅದೆಲ್ಲ ಸುಳ್ಳು. ನನ್ನ ಹಾಡು ವಾರಸುದಾರರಿಲ್ಲದೆ ಬಿದ್ದಿತ್ತು, ನಾನು ಎತ್ತಿಕೊಂಡೆ. ಸತ್ತ ಸೊಸೆಯ ಹಾಡನ್ನು ಅತ್ತೆ ಅವಳ ತಲೆ ಸವರುತ್ತ ಹಾಡಿದಾಗ ನಗು ಎಲ್ಲಿ ಹೋಯಿತೋ, ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಷಡ್ಜದಲ್ಲಿ ದನಿ ತುಸು ಬಿರುಕುಬಿಟ್ಟಿತು, ಯಾರಿಗೂ ತಿಳಿಯಲಿಲ್ಲ. ಹಾಡು ಮುಗಿಯಿತು. ತೇಜಸ ಪರದೆ ಎಳೆದ. ನಾನು ಗೆದ್ದೆ ಎಂದುಕೊಂಡೆ.

ಬಣ್ಣದ ಕೋಣೆಯಲ್ಲಿ ಬಾಗಿಲಿಗೆ ಎದುರಾಗಿಯೇ ಕೂತೆ, ಬಂದವರಿಗೆ ಮೊದಲು ಕಾಣಲಿ ಎಂದು. ಬೀಜದ ಅಂಗಡಿಯ ಹಾಲೇಶಪ್ಪ ಹತ್ತು ಮಂದಿಯನ್ನು ಕಟ್ಟಿಕೊಂಡು ಬಂದರು. ಜ್ಯೋತ್ಸ್ನಾಳ ತವರಿನ ಪಕ್ಕದ ಮನೆಯವರು. ನನ್ನನ್ನು ದಾಟಿ ನೇರ ಅವಳ ಹತ್ತಿರ ಹೋದರು.

"ಏನ್ ಛಂದ ಸತ್ತಿಯವ್ವಾ ತಂಗೀ," ಎಂದರು, ಕಣ್ಣು ಒರೆಸಿಕೊಳ್ಳುತ್ತ. "ಇಷ್ಟ್ ಮಂದಿ ಒದರಿದರೂ ರೆಪ್ಪಿ ಸೈತ ಅಳ್ಳಾಡಲಿಲ್ಲ. ಹಿಂಗ ಸಾಯೋರನ್ನ ನಾ ನೋಡೇ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿ, ನೀವೂ ಛಲೋ ಹಾಡಿದಿರಿ ಎಂದರು. ನೀವೂ! ಮರುದಿನ ವಾಟ್ಸಾಪಿನಲ್ಲಿ ವಿಡಿಯೋ ಬಂತು. ತೆಗೆದವನು ಫೋನನ್ನು ಹೆಣದ ಮುಖಕ್ಕೇ ಹಿಡಿದಿದ್ದ. ಹಾಡಿನುದ್ದಕ್ಕೂ ಅವಳ ಮುಚ್ಚಿದ ಕಣ್ಣು, ಹಣೆಯ ಕುಂಕುಮ. ಹಾಡಿದವಳದು ಗದ್ದ ಮತ್ತು ಎರಡು ಕೈ ಮಾತ್ರ ಕಾಣುತ್ತಿತ್ತು. ನಮ್ಮ ಬಂಧುಬಳಗದವರೆಲ್ಲ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿದರು. ನಾನು ಹಾಡಿದ್ದು ಹೆಣಕ್ಕೆ ಹಿಮ್ಮೇಳವಾಯಿತು. ಅವತ್ತು ಮಧ್ಯಾಹ್ನ ಅವಳು ಊಟಕ್ಕೆ ಬಡಿಸುವಾಗ ರಟ್ಟೆಯ ಮೇಲೆ ನನ್ನ ಚಿವುಟಿನ ನೀಲಿ ಕಲೆ ಕಾಣಿಸಿತು. ಅದರ ಮಾತೇ ತೆಗೆಯದೆ, ಅತ್ತೆಯವರು ಹಾಡುವಾಗ ತನಗೆ ಅಳು ತಡೆದುಕೊಳ್ಳುವುದೇ ಕಷ್ಟವಾಗಿತ್ತು ಎಂದಳು. ಒಂದು ಮಾತು ಬಯ್ದಿದ್ದರೆ ನನಗೆ ಅನ್ನ ರುಚಿಸುತ್ತಿತ್ತು.

ಒಂದು ಒಳ್ಳೆಯದಾಯಿತು. ಬ್ಯಾಡಗಿಯಲ್ಲೂ ಹೀಗೇ ಇರಲಿ ಎಂದು ಮಾಸ್ತರರು ಗಟ್ಟಿ ಮಾಡಿದರು: ಸೊಸೆ ಹಾಡಿ ಸಾಯಬೇಕು, ಸತ್ತಮೇಲೆ ಅದೇ ಹಾಡನ್ನು ಅತ್ತೆ ಹಾಡಬೇಕು. ತವರಿನಲ್ಲಿ ನನ್ನ ಹಾಡು ನನಗೆ ಸಿಕ್ಕಿತು. ನಾನೂ ಒಂದು ಉಪಾಯ ಸೇರಿಸಿದೆ. ಹಾಡುವ ಮೊದಲು ಸತ್ತವಳ ಮುಖದ ಮೇಲೆ ಸೆರಗು ಎಳೆಯುತ್ತೇನೆ, ಅತ್ತೆಯಾದವಳಿಗೆ ಅದು ಸಹಜ ಎಂದೆ. ಮಾಸ್ತರರಿಗೆ ಬಹಳ ಹಿಡಿಸಿತು. ಇನ್ನು ಫೋನು ಹಿಡಿದವರು ಏನು ತೆಗೆಯುತ್ತಾರೋ ತೆಗೆಯಲಿ, ಬಟ್ಟೆಯ ಗಂಟನ್ನು!

ಬ್ಯಾಡಗಿಗೆ ಹೋದದ್ದು ಮೆಣಸಿನಕಾಯಿ ಸುಗ್ಗಿಯಲ್ಲಿ. ಪೇಟೆಯ ತುಂಬ ಕೆಂಪು ಚೀಲ, ಗಾಳಿಯ ತುಂಬ ಘಾಟು. ವ್ಯಾನಿನಿಂದ ಇಳಿದ ಕೂಡಲೇ ಸಂಘದವರೆಲ್ಲ ಸೀನತೊಡಗಿದರು. ಜ್ಯೋತ್ಸ್ನಾ ದುಪಟ್ಟಾವನ್ನು ಒದ್ದೆ ಮಾಡಿ ಮೂಗು ಬಾಯಿಗೆ ಕಟ್ಟಿಕೊಂಡಳು, ನನಗೂ ಒಂದು ಒದ್ದೆ ಕರವಸ್ತ್ರ ಕೊಟ್ಟಳು. ಬೇಡವೆಂದೆ. ನಾನು ಈ ಘಾಟಿನಲ್ಲೇ ಹುಟ್ಟಿದವಳು, ನಮ್ಮಪ್ಪನ ಅಂಗಡಿಯ ಮೆಣಸಿನಕಾಯಿ ಚೀಲದ ಮೇಲೆ ಕೂತು ಹಾಡು ಕಲಿತವಳು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಹಾಡುವವರ ಗಂಟಲಿಗೆ ಇದು ಒಳ್ಳೆಯದಲ್ಲ ಎಂದು ಯೂಸುಫಸಾಬ ಕೂಡ ಹೇಳಿದರು. ತವರಿನ ಗಾಳಿ ಮಗಳಿಗೆ ಕೇಡು ಮಾಡುತ್ತದೆಯೇ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದೆ, ಪೇಟೆಯಲ್ಲಿ ಒಂದು ಸುತ್ತು ತಿರುಗಿ ಹಳೆಯ ಗುರುತಿನವರನ್ನೆಲ್ಲ ನಾಟಕಕ್ಕೆ ಕರೆದು ಬಂದೆ.

ಮಧ್ಯಾಹ್ನದ ಪ್ರಯೋಗ. ಮುಂದಿನ ಸಾಲಿನಲ್ಲಿ ನನ್ನ ಶಾಲೆಯ ಗೆಳತಿ ಹಸೀನಾಬಿ ಕೂತಿದ್ದಳು. ಅವಳನ್ನು ನೋಡಿ ನನಗೆ ಎದೆ ಉಬ್ಬಿತು. ಜ್ಯೋತ್ಸ್ನಾ ಹಾಡಿದಳು, ಸತ್ತಳು. ಕೂಗು ಏಳುವ ಮೊದಲೇ ನಾನು ಅವಳ ಮುಖದ ಮೇಲೆ ಸೆರಗು ಎಳೆದೆ. ಯೂಸುಫಸಾಬ ನನ್ನ ಶ್ರುತಿಗೆ ಪಲ್ಲವಿ ಎತ್ತಿಕೊಂಡರು. "ನನ್ನ ಹಿಂದ" ಎಂದು ಶುರು ಮಾಡಿದೆ. ದನಿ ನೇರವಾಗಿ ಹೊರಟಿತು, ನನ್ನ ಬ್ಯಾಡಗಿ ನನ್ನ ಮುಂದೆ ಕೂತಿತ್ತು, ‘ಬರುವಾಕಿಗೆ’ ಎಂದು ಬಾಯಿ ತೆರೆದೆ. ಗಂಟಲಲ್ಲಿ ಮೆಣಸಿನಕಾಯಿ ಘಾಟು ಕೂತಿತ್ತು. ದನಿ ಬರಲಿಲ್ಲ.

ಬರಲಿಲ್ಲ ಎಂದು ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಏಕೆಂದರೆ ಷಡ್ಜ ಬಂತು. ತುಂಬಿಕೊಂಡು ಬಂದು ಅಲ್ಲಿಯೇ ನಿಂತಿತು. ಒಂದು ಗಳಿಗೆ ನನ್ನದೇ ಎಂದುಕೊಂಡೆ. ಆಮೇಲೆ ತೊಡೆಗೆ ನಡುಕ ತಿಳಿಯಿತು. ಸೆರಗಿನ ಕೆಳಗೆ ಹೆಣ ಹಾಡುತ್ತಿತ್ತು. ಮೇಲೆ ನಾನು ತೆರೆದ ಬಾಯಿ ಮುಚ್ಚದೆ ಕೂತಿದ್ದೆ. ಪಲ್ಲವಿ ಕೆಳಗಿಳಿದಾಗ ನನ್ನ ದನಿ ಹೇಗೋ ಮರಳಿ ಬಂತು, ಉಳಿದದ್ದನ್ನು ನಾನೇ ಹಾಡಿ ಮುಗಿಸಿದೆ.

"ಒನ್ಸ್ ಮೋರ್!" ಮೊದಲು ಎದ್ದು ನಿಂತವಳು ಹಸೀನಾಬಿ. ಅವಳ ಹಿಂದೆ ಇಡೀ ಸಭೆ. ಗೋದಕ್ಕಾ, ಗೋದಕ್ಕಾ ಎಂದು ಹೆಸರು ಹಿಡಿದು ಕೂಗುತ್ತಿದ್ದರು. ಎಷ್ಟು ವರ್ಷದಿಂದ ಇದಕ್ಕಾಗಿ ಕಾಯ್ದಿದ್ದೆ! ಯೂಸುಫಸಾಬ ಪೇಟಿಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. ಅವರ ಕಿವಿಗೆ ಯಾರು ಮೋಸ ಮಾಡಿಯಾರು? ಆ ದನಿ ಯಾರದೆಂದು ಅವರಿಗೆ ಗೊತ್ತಿತ್ತು. ಆದರೂ ಕೂಗು ಖರೆಯಾಗಿತ್ತು, ಎತ್ತಿಕೊಂಡರು.

ನಾನು ಸುಮ್ಮನೆ ಇನ್ನೊಮ್ಮೆ ಹಾಡಿದ್ದರೆ ಆಗುತ್ತಿತ್ತು. ಅವಳು ಇನ್ನೊಮ್ಮೆ ನನ್ನ ಮಾನ ಕಾಯುತ್ತಿದ್ದಳು, ಯಾರಿಗೂ ಹೇಳುತ್ತಿರಲಿಲ್ಲ, ಮನೆಗೆ ಹೋಗಿ ಬಿಸಿನೀರು ಕೊಟ್ಟು ಗಂಟಲು ಹೇಗಿದೆ ಎಂದು ಕೇಳುತ್ತಿದ್ದಳು. ಅದನ್ನು ನೆನೆಸಿಕೊಂಡೇ ನನ್ನ ಮೈ ಉರಿಯಿತು. ಬ್ಯಾಡಗಿಯ ಮಗಳಿಗೆ ಬ್ಯಾಡಗಿಯಲ್ಲಿ ರಾಣೆಬೆನ್ನೂರಿನವಳ ಗಂಟಲಿನ ಭಿಕ್ಷೆ! ನನ್ನ ಹೆಸರು ಕೂಗುತ್ತಿರುವ ಈ ಮಂದಿ ಯಾರಿಗೆ ಕೂಗುತ್ತಿದ್ದಾರೆಂದು ಅವರಿಗೇ ಗೊತ್ತಿಲ್ಲ. ಬೇಕಾಗಿಲ್ಲ ನನಗೆ ಇಂಥ ಒನ್ಸ್ ಮೋರ್.

"ನನ್ನ ಹಿಂದ" ಎಂದು ಹಾಡಿದೆ. ಷಡ್ಜದ ಹತ್ತಿರ ಬಂದಾಗ ಸೆರಗನ್ನು ಅವಳ ಮುಖದಿಂದ ಸರಕ್ಕನೆ ಎಳೆದು, ತುಟಿ ಬಿಗಿಯಾಗಿ ಮುಚ್ಚಿಕೊಂಡು, ಸಭೆಯ ಕಡೆ ಮುಖ ಮಾಡಿ ಕೂತೆ.

ಅವಳು ಆಗಲೇ ದನಿ ತೆಗೆದಾಗಿತ್ತು, ನಿಲ್ಲಿಸುವಂತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಡಿದಳು. ಇಡೀ ಬ್ಯಾಡಗಿ ನೋಡಿತು, ಗೋದೂಬಾಯಿಯ ಬಾಯಿ ಮುಚ್ಚಿದೆ, ಸತ್ತವಳು ಹಾಡುತ್ತಿದ್ದಾಳೆ. ಯಾರೂ ನಗಲಿಲ್ಲ. ಹಸೀನಾಬಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಷಡ್ಜ ಮುಗಿದದ್ದೇ ತಡ, ಎದ್ದ ಕೂಗಿಗೆ ಪಲ್ಲವಿಯ ಉಳಿದ ಸಾಲು ಕೊಚ್ಚಿಹೋಯಿತು. ಇದರಲ್ಲಿ ನನ್ನ ಹೆಸರಿರಲಿಲ್ಲ.

ಜ್ಯೋತ್ಸ್ನಾ ಕಣ್ಣು ತೆರೆದಳು. "ಯಾಕ ಹಿಂಗ ಮಾಡಿದ್ರಿ ಅತ್ತೆವ್ರ?" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

"ಏಳು. ಕರೀಲಿಕ್ಕತ್ತಾರ."

"ಯಾರನ್ನ?"

"ಪಾರ್ವತೀನ ಅಲ್ಲ," ಎಂದೆ. "ನಿನ್ನ."

ಎದ್ದಳು. ಸೆರಗು ಸರಿಮಾಡಿಕೊಳ್ಳಲು ಅವಳಿಗೆ ತಿಳಿಯಲಿಲ್ಲ, ನಾನೇ ಸರಿಮಾಡಿದೆ. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತಳು. ಯೂಸುಫಸಾಬ ಶ್ರುತಿ ಏರಿಸಿದರು. ನಾನು ಹಿಂದೆ ಖಾಲಿ ತೊಡೆ ಇಟ್ಟುಕೊಂಡು ಕೂತೆ. ಜೀವನದಲ್ಲಿ ಮೊದಲ ಸಲ ಆ ಹಾಡನ್ನು ಹಾಡದೆ, ತೊಡೆಯ ಮೇಲೆ ಹೊರದೆ, ಬರೀ ಕೇಳಿದೆ. ಹೊಟ್ಟೆ ಉರಿಯುತ್ತಲೇ ಇತ್ತು, ಹೋಯಿತು ಎಂದು ಹೇಳಲಾರೆ. ಆದರೆ ಅವಳು ‘ಬರುವಾಕಿಗೆ’ ಎಂಬಲ್ಲಿ ಹೋಗಿ ನಿಂತಾಗ ನಾನೂ ಉಸಿರು ಬಿಡುವುದನ್ನು ಮರೆತೆ. ಹಾಡುತ್ತ ಹಿಂದಕ್ಕೆ ಬಂದಳು, ನನ್ನ ತೊಡೆಯ ಮೇಲೆ ತಲೆಯಿಟ್ಟಳು, ಕೈ ಜಾರಿ ನೆಲಕ್ಕೆ ಬಿತ್ತು.

ಸಭೆ ಬಾಯಿ ತೆರೆಯುವ ಮೊದಲೇ "ಒನ್ಸ್ ಮೋರ್" ಎಂದು ಒದರಿದವಳು ನಾನು. ಘಾಟು ಕೂತ ಗಂಟಲಿನಲ್ಲಿ ಅದೊಂದು ಮಾತು ಹೇಗೆ ಹೊರಟಿತೋ ಗೊತ್ತಿಲ್ಲ. ಅತ್ತೆಯಾದವಳು ಸೊಸೆ ಇನ್ನೊಮ್ಮೆ ಸಾಯಲಿ ಎಂದೇ ಒದರಿದಳು ಎಂದು ಯಾರಾದರೂ ತಿಳಿದುಕೊಂಡರೆ ತಿಳಿದುಕೊಳ್ಳಲಿ, ನನ್ನದೇನೂ ತಕರಾರಿಲ್ಲ. ಯೂಸುಫಸಾಬ ನನ್ನ ಮುಖ ನೋಡಿದರು, ತೂಗಿದರು, ಪೇಟಿ ಎತ್ತಿಕೊಂಡರು.